ಗಟ್ಟಿ ದನಿಯ ಮನೆ

ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ. ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಎಂದರೆ, ಆಗ ನಾನು ಕೈಗಡಿಯಾರ ನೋಡಿಕೊಂಡೆ. ನೋಡಿಕೊಳ್ಳದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಅವತ್ತಿನಿಂದ ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಏನೂ ಆಗುತ್ತಿರಲಿಲ್ಲ ಎಂಬುದೇ ಪ್ರತಿ ಸಲದ ಉತ್ತರ.

ಈಗ ನಾನು ಗರುಡಾಚಾರ್‌ಪಾಳ್ಯದ ಸುತ್ತಮುತ್ತಲ ಕಾರ್ಖಾನೆಗಳಿಗೆ ಹೋಗಿ ಅಲ್ಲಿನ ಕೆಲಸಗಾರರ ಕಿವಿ ಪರೀಕ್ಷೆ ಮಾಡುತ್ತೇನೆ. ಪ್ರತಿ ಕಾರ್ಖಾನೆಯ ಬಾಗಿಲಲ್ಲೂ ಕೆಂಪು ಬಿಳಿ ಪಟ್ಟೆಯ ಒಂದು ಅಡ್ಡಕೋಲು ಇರುತ್ತದೆ. ನನ್ನ ಗಾಡಿ ಕಂಡೊಡನೆ ಕೋಲು ಮೇಲೇಳುತ್ತದೆ. ನಾನು ಮಾತ್ರ ಹೊರಡುವುದಿಲ್ಲ. ಎಡಕ್ಕೆ ನೋಡುತ್ತೇನೆ, ಬಲಕ್ಕೆ ನೋಡುತ್ತೇನೆ, ಮತ್ತೆ ಎಡಕ್ಕೆ. ಮೊನ್ನೆ ಸೆಕ್ಯುರಿಟಿಯವರು ನಕ್ಕುಬಿಟ್ಟರು. "ಹೋಗಿ ಮೇಡಂ, ಇಲ್ಲೇನು ರೈಲು ಬರಲ್ಲ" ಎಂದರು. ಪಾಪ, ತಮಾಷೆಗೆ ಹೇಳಿದ್ದು. ನಾನು ಇನ್ನೊಮ್ಮೆ ಬಲಕ್ಕೆ ನೋಡಿಯೇ ಹೊರಟೆ.

ರೈಲಿನ ಮಾತು ಬಂದಿದ್ದರಿಂದ ನಮ್ಮ ಮನೆಯ ಮಾತು ಮೊದಲು ಹೇಳಿಬಿಡುತ್ತೇನೆ. ನಮ್ಮದು ಕೃಷ್ಣರಾಜಪುರದ ಆಚೆಯ ಹಳೇ ಹಳ್ಳಿ. ಮನೆ ರೈಲು ಹಳಿಗೆ ಎಷ್ಟು ಹತ್ತಿರವೆಂದರೆ, ಅಮ್ಮ ಹಿತ್ತಲಲ್ಲಿ ಒಣಹಾಕಿದ ಸೀರೆ ಪ್ರತಿ ಗಾಡಿಗೂ ಒಮ್ಮೆ ಬಾಗಿ ನಮಸ್ಕಾರ ಮಾಡುತ್ತಿತ್ತು. ನಮ್ಮಲ್ಲಿ ಗೋಡೆ ಗಡಿಯಾರ ಇತ್ತು, ಆದರೆ ಅದನ್ನು ಯಾರೂ ನಂಬುತ್ತಿರಲಿಲ್ಲ. ಬೆಳಗಿನ ಗಾಡಿಗೆ ಹಾಲು ಕಾಯಿಸುವುದು, ಅದರ ಹಿಂದೆ ಬರುವುದಕ್ಕೆ ನಮ್ಮ ತಲೆ ಬಾಚುವುದು, ಮಧ್ಯಾಹ್ನದ ಗಾಡಿಗೆ ಸಾರಿನ ಒಗ್ಗರಣೆ. ಗಾಡಿ ಒಂದು ಗಂಟೆ ತಡವಾದ ದಿನ ನಮ್ಮ ಊಟವೂ ಒಂದು ಗಂಟೆ ತಡ. ಹಾಗೆಂದು ನಾವು ಯಾರೂ ದೂರಲಿಲ್ಲ.

ಇನ್ನು ಮಾತಿನ ರೀತಿ. ಗಾಡಿ ಬಂದಾಗ ಮಾತಾಡುತ್ತಿದ್ದವರು ಎಲ್ಲಿದ್ದರೋ ಅಲ್ಲಿಗೇ ನಿಲ್ಲಿಸಬೇಕು. ಕೊನೆಯ ಡಬ್ಬಿ ದಾಟಿದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸಬೇಕು. ಜಗಳವಾಡುವಾಗಲೂ ಇದೇ ನಿಯಮ. ನಾನೂ ನಮ್ಮಣ್ಣನೂ ಒಬ್ಬರ ಜುಟ್ಟು ಒಬ್ಬರು ಹಿಡಿದುಕೊಂಡು ಗೂಡ್ಸ್ ಗಾಡಿ ಮುಗಿಯುವುದನ್ನು ತಾಳ್ಮೆಯಿಂದ ಕಾದದ್ದುಂಟು. ಗೂಡ್ಸ್ ಗಾಡಿ ಉದ್ದವಾಗಿದ್ದರೆ ಜಗಳದ ಕಾರಣವೇ ಮರೆತುಹೋಗುತ್ತಿತ್ತು. ಸಣ್ಣ ಗಾಡಿಗಳಿಗೆ ನಿಲ್ಲಿಸುವ ಬದಲು ದನಿ ಏರಿಸುತ್ತಿದ್ದೆವು. ಏರಿಸಿದ ದನಿಯನ್ನು ಮತ್ತೆ ಇಳಿಸುವುದು ಯಾರಿಗೂ ನೆನಪಿರುತ್ತಿರಲಿಲ್ಲ. ಹಲಸೂರಿನ ನಮ್ಮತ್ತೆ, ಅಪ್ಪನ ತಂಗಿ, ನಾವು ಅವರ ಮನೆಗೆ ಹೋದಾಗಲೆಲ್ಲ ಮೊದಲು ಕಿಟಕಿ ಮುಚ್ಚುತ್ತಿದ್ದರು. ನೀವು ಕ್ಷೇಮಸಮಾಚಾರ ಕೇಳಿದರೂ ಅಕ್ಕಪಕ್ಕದವರು ಜಗಳ ಬಿಡಿಸಲು ಬರುತ್ತಾರೆ ಎನ್ನುವುದು ಅವರ ದೂರು.

ಇಂಥ ಮನೆಯ ಹುಡುಗಿ ಓದಿದ್ದು ಕಿವಿಯ ಶಾಸ್ತ್ರ. ಮಾತು ಮತ್ತು ಶ್ರವಣದ ಪದವಿ ಮುಗಿಸಿ ಫ್ರೇಜರ್ ಟೌನಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದೆ. ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆ. ಒಳಗೆ ರೋಗಿ, ಹೊರಗೆ ನಾನು. ಅವರ ಕಿವಿಗೆ ಸಣ್ಣ ಸಣ್ಣ ಸದ್ದು ಕಳಿಸುತ್ತೇನೆ, ಕೇಳಿಸಿದರೆ ಅವರು ಗುಂಡಿ ಒತ್ತಬೇಕು. ಇಷ್ಟೇ ಕೆಲಸ. ಶಿವಾಜಿನಗರದಲ್ಲಿ ಟ್ರಂಕು ಪೆಟ್ಟಿಗೆಗಳ ಅಂಗಡಿ ಇಟ್ಟಿದ್ದ ಒಬ್ಬ ಹಿರಿಯರು ಬರುತ್ತಿದ್ದರು. ನಾನು ಸದ್ದು ಕಳಿಸಲಿ ಬಿಡಲಿ ಗುಂಡಿ ಒತ್ತುತ್ತಲೇ ಇರುತ್ತಿದ್ದರು. ಕೇಳಿದ್ದಕ್ಕೆ, "ನೀನು ಅಷ್ಟೊತ್ತಿಂದ ಕಷ್ಟ ಪಡ್ತಾ ಇದ್ದೀಯಲ್ಲ ಬೇಟಿ, ನಿಂಗೆ ಬೇಜಾರಾಗ್ಬಾರ್ದು ಅಂತ" ಎಂದರು. ಈ ಕಥೆಯನ್ನು ನಾನು ಮನೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಅಪ್ಪ ಎಲ್ಲರಿಗಿಂತ ಹೆಚ್ಚು ನಕ್ಕರು. ಅವರು ನನ್ನ ಬಾಯನ್ನೇ ನೋಡುತ್ತಾ ಕೇಳುತ್ತಿದ್ದರು. ನನ್ನ ಮಾತಿನ ಮೇಲೆ ಅಪ್ಪನಿಗೆ ಎಷ್ಟು ಗಮನ ಎಂದು ನನಗೆ ಹೆಮ್ಮೆ.

ಅಲ್ಲಿದ್ದಾಗಲೇ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ. ಶ್ರವಣ ಶಾಸ್ತ್ರದ ಸ್ನಾತಕೋತ್ತರ ಪದವಿ, ಹನ್ನೆರಡು ತಿಂಗಳು. ನಿಜ ಹೇಳಬೇಕೆಂದರೆ ಸಿಗುವುದಿಲ್ಲ ಎಂಬ ಧೈರ್ಯದ ಮೇಲೇ ಹಾಕಿದ್ದು. ಸಿಕ್ಕಿಬಿಟ್ಟಿತು, ವಿದ್ಯಾರ್ಥಿವೇತನದ ಸಮೇತ. ಬರುತ್ತೇನೆ ಎಂದು ಸಹಿ ಮಾಡಿದ ಪತ್ರವನ್ನು ತಿಂಗಳ ಕೊನೆಯೊಳಗೆ ಅವರಿಗೆ ಮುಟ್ಟಿಸಬೇಕಿತ್ತು. ಕೊರಿಯರಿನ ದಿನಗಳನ್ನು ಕಳೆದರೆ ಇಲ್ಲಿಂದ ಹೊರಡಿಸಲು ಕಡೇ ದಿನ ಒಂದು ಬುಧವಾರ.

ನಾನು ತೀರ್ಮಾನ ತೆಗೆದುಕೊಳ್ಳುವ ಬಗೆ ಹೇಗೆಂದು ನಿಮಗೆ ಗೊತ್ತಿಲ್ಲ. ಇಂದಿರಾನಗರದ ದರ್ಶಿನಿಯಲ್ಲಿ ಸಾಲಿನಲ್ಲಿ ನಿಂತಾಗ ಮುಂದಿನವರು ಏನು ಹೇಳುತ್ತಾರೋ ಅದನ್ನೇ ಹೇಳುತ್ತೇನೆ. ಒಮ್ಮೆ ಮುಂದಿನವರು ಬರೀ ಬಿಸಿನೀರು ಕೇಳಿದ್ದರಿಂದ ನಾನೂ ಬಿಸಿನೀರು ಕುಡಿದು ಕೆಲಸಕ್ಕೆ ಹೋದೆ. ಇಂಥವಳಿಗೆ ಇಂಗ್ಲೆಂಡೋ ಕೃಷ್ಣರಾಜಪುರವೋ ಎಂದು ಕೇಳಿದರೆ? ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ನಡುವೆ ಗೆರೆ ಎಳೆದು, ಒಂದು ಕಡೆ ಹೋಗಬೇಕು, ಇನ್ನೊಂದು ಕಡೆ ಬೇಡ ಎಂದು ಬರೆದೆ. 'ಹೋಗಬೇಕು'ವಿನ ಕೆಳಗೆ ಒಂದೇ ಸಾಲು: 'ಆಸೆ ಇದೆ.' 'ಬೇಡ'ದ ಕೆಳಗೆ ಚಳಿಯಿಂದ ಹಿಡಿದು ಅಮ್ಮನ ಮಂಡಿನೋವಿನವರೆಗೆ ಹನ್ನೊಂದು ಸಾಲು. ಅಪ್ಪ ಅದನ್ನು ಯಾವಾಗಲೋ ನೋಡಿದ್ದರು. ಹನ್ನೊಂದಕ್ಕೂ ಪೆನ್ಸಿಲಿನಲ್ಲಿ ಒಂದೇ ಅಡ್ಡಗೆರೆ ಎಳೆದಿಟ್ಟಿದ್ದರು.

ಕ್ಲಿನಿಕ್ಕಿನ ಮುಂದಿನ ಮೇಜು ನೋಡಿಕೊಳ್ಳುತ್ತಿದ್ದ ನಸ್ರೀನ್ ನನ್ನ ಗೆಳತಿ, ಶಿವಾಜಿನಗರದವಳು. ಅವಳದು ನೇರ ಮಾತು. "ನಾನಾಗಿದ್ರೆ ಲೆಟರ್ ಬಂದ ದಿನಾನೇ ಸೂಟ್‌ಕೇಸ್ ತಗೊಂಡು ಏರ್‌ಪೋರ್ಟ್ ಮುಂದೆ ಚಾಪೆ ಹಾಸ್ತಿದ್ದೆ. ನೀನು ಇನ್ನೂ ಯೋಚ್ನೆ ಮಾಡ್ತೀಯ?" ಎನ್ನುತ್ತಿದ್ದಳು.

ಕಡೆಗೆ ಅಪ್ಪನೇ ಒಂದು ಗುರುವಾರ ಇಸ್ತ್ರಿ ಮಾಡಿದ ಬಿಳೀ ಷರಟು ಹಾಕಿಕೊಂಡು, ಹೆಗಲಿಗೆ ಟವೆಲು ಹಾಕಿ, ಸ್ಕೂಟರು ಒರೆಸಿ ನಿಂತರು. ಇಂದಿರಾನಗರದ ಕೊರಿಯರ್ ಆಫೀಸಿಗೆ ಹೋಗಿ ಪತ್ರ ಹಾಕಿಯೇ ಬರೋಣ ಎಂದು. ನಾನು ಮೊದಲು ಪೆನ್ನು ಹುಡುಕಿದೆ. ಆಮೇಲೆ ನೀರು ಕುಡಿದೆ. ಆಮೇಲೆ ಪತ್ರದ ನಕಲು ಎಲ್ಲಿಟ್ಟೆ ಎಂದು ಹುಡುಕಿ, ಅದು ಕೈಯಲ್ಲೇ ಇದ್ದದ್ದು ಗೊತ್ತಾಗಿ ಮತ್ತೆ ನೀರು ಕುಡಿದೆ. ಹೀಗೆ ಇಪ್ಪತ್ತು ನಿಮಿಷ ಕಳೆದೆ. ಆ ಇಪ್ಪತ್ತು ನಿಮಿಷವನ್ನೂ ನಾನು ಲೆಕ್ಕದಲ್ಲಿ ಇಟ್ಟುಕೊಂಡಿದ್ದೇನೆ.

ನಮ್ಮೂರ ರೈಲ್ವೆ ಗೇಟಿಗೆ ಬರುವಾಗ ಗೇಟು ಹಾಕಿತ್ತು. ಅಲ್ಲಿ ಮುಚ್ಚಿದ ಗೇಟೆಂದರೆ ಊರವರಿಗೆ ಕಾಯುವ ಸೂಚನೆಯಲ್ಲ, ಬಗ್ಗುವ ಸೂಚನೆ. ನಡೆಯುವವರು ತಲೆ ಬಗ್ಗಿಸಿ, ಸೈಕಲ್ಲಿನವರು ಸೈಕಲ್ ಮಲಗಿಸಿ ಆಚೆ ಹೋಗುತ್ತಿದ್ದರು. ಅಪ್ಪ ಇದರಲ್ಲಿ ನಿಪುಣರು. ಆಗಿನ ಸ್ಕೂಟರನ್ನು ಸ್ಟಾರ್ಟ್ ಮಾಡುವ ಮೊದಲು ಒಂದು ಕಡೆಗೆ ವಾಲಿಸಬೇಕಿತ್ತಲ್ಲ, ಅಪ್ಪ ಅದೇ ವರಸೆಯಲ್ಲಿ ಇನ್ನೂ ನಾಲ್ಕು ಬೆರಳು ಜಾಸ್ತಿ ವಾಲಿಸಿ, ಕನ್ನಡಿಯೂ ತಾಕದಂತೆ ಗೇಟಿನ ಕೆಳಗೆ ಜಾರಿಸಿಬಿಡುತ್ತಿದ್ದರು. ಗಾಡಿಗಳ ವೇಳೆ ಅವರಿಗೆ ಬಾಯಿಪಾಠ. ಯಾವುದು ಎಷ್ಟು ಹೊತ್ತಿಗೆ, ಎಷ್ಟು ತಡ, ಯಾವ ಹಳಿ, ಎಲ್ಲ. ಹಳಿ ನಮ್ಮ ಮುತ್ತಜ್ಜನ ಹೊಲದ ಮೇಲೇ ಹಾದುಹೋಗಿರುವುದರಿಂದ ರೈಲು ನಮಗೆ ಒಕ್ಕಲಿದ್ದ ಹಾಗೆ, ಹೇಳದೆ ಬರುವುದಿಲ್ಲ ಎಂಬುದು ಅವರ ನಂಬಿಕೆ.

ಮೈಸೂರು ಕಡೆಯಿಂದ ಬಂದ ಗಾಡಿ ದಡದಡನೆ ಹೋಯಿತು. ಗೇಟು ಏಳಲಿಲ್ಲ. ಆಗ ನಾನು ಕೈಗಡಿಯಾರ ನೋಡಿಕೊಂಡೆ. ಹತ್ತು ನಲವತ್ತೆರಡು. ಅವಸರವಿತ್ತೆಂದಲ್ಲ. ತಡವಾಗಿ ಕೊರಿಯರ್ ಆಫೀಸಿನಲ್ಲಿ ಸಾಲು ಬೆಳೆದಿದ್ದರೆ ವಾಪಸು ಬರಬಹುದಲ್ಲ ಎಂದು. ಅಪ್ಪ ಕನ್ನಡಿಯಲ್ಲಿ ನೋಡಿದ್ದು ನಾನು ಗಡಿಯಾರ ನೋಡಿದ್ದನ್ನು ಮಾತ್ರ.

"ಇಳ್ಕೋ ಮಗಾ. ಇನ್ನು ಹನ್ನೊಂದೂ ಐದಕ್ಕೇ ಗಾಡಿ" ಎಂದರು.

ನಾನು ಇಳಿದೆ. ಅಪ್ಪ ಸ್ಕೂಟರು ವಾಲಿಸಿ ಒಳಗೆ ಹೋದರು. ನನ್ನ ದುಪಟ್ಟ ಗೇಟಿನ ಸರಪಳಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುತ್ತಾ ತಲೆ ಎತ್ತಿದರೆ, ಡೀಸೆಲ್ ಶೆಡ್ಡಿನ ಕಡೆಯಿಂದ ಒಂಟಿ ಎಂಜಿನ್ ಒಂದು ಬರುತ್ತಿತ್ತು. ಹಿಂದೆ ಡಬ್ಬಿಗಳಿಲ್ಲ, ಯಾವ ವೇಳಾಪಟ್ಟಿಯಲ್ಲೂ ಹೆಸರಿಲ್ಲ. ಉದ್ದಕ್ಕೆ ಹಾರನ್ ಹಾಕುತ್ತಿತ್ತು. ಗೇಟಿನ ಎರಡೂ ಬದಿಯ ಜನ ಕೂಗಿದರು. ನಾನು ಕೂಗಿದೆ. ನನ್ನದು ಆ ಮನೆಯ ಗಂಟಲು, ಎಷ್ಟು ಕೂಗಬಹುದೋ ಅಷ್ಟು ಕೂಗಿದೆ. ಅಪ್ಪ ಎರಡನೇ ಹಳಿಯ ಮೇಲೆ ನಿಂತು, ಜಾರುತ್ತಿದ್ದ ಟವೆಲನ್ನು ನಿಧಾನವಾಗಿ ಸರಿಮಾಡಿಕೊಳ್ಳುತ್ತಿದ್ದರು.

ಗೇಟಿನ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಸೀಬೆಹಣ್ಣು ಮಾರುತ್ತಿದ್ದ ಹೆಂಗಸೊಬ್ಬಳು ಒಂದು ದೋರೆಗಾಯಿ ತೆಗೆದು ಎಸೆದಳು. ಅದು ಅಪ್ಪನ ಬೆನ್ನಿಗೆ ಸರಿಯಾಗಿ ಬಿತ್ತು. ಅಪ್ಪ ಸಿಟ್ಟಿನಿಂದ ತಿರುಗಿದರು. ನಮ್ಮ ಮುಖಗಳನ್ನು ನೋಡಿ ಸ್ಕೂಟರನ್ನು ಆಚೆಗೆ ನೂಕಿದರು. ಆಮೇಲೆ ಎಂಜಿನ್ ನಮ್ಮ ನಡುವೆ ಬಂತು.

ಒಂದು ಎಂಜಿನ್ನಿನ ಉದ್ದ ಎಷ್ಟು? ದಾಟಲು ಮೂರು ಸೆಕೆಂಡೋ ನಾಲ್ಕೋ ಸಾಕು. ಆ ನಾಲ್ಕು ಸೆಕೆಂಡುಗಳಲ್ಲಿ ನನಗೆ ಅಪ್ಪ ಇರಲಿಲ್ಲ. ಕಾರ್ಖಾನೆಯ ಬಾಗಿಲಲ್ಲಿ ನಾನು ಇವತ್ತಿಗೂ ನಿಂತು ಕಾಯುವುದು ಅಷ್ಟು ಹೊತ್ತನ್ನೇ.

ಎಂಜಿನ್ ಹೋದ ಮೇಲೆ ನೋಡಿದರೆ ಅಪ್ಪ ಆಚೆ ಬದಿಯ ಜಲ್ಲಿಯ ಮೇಲೆ ಕೂತಿದ್ದರು. ಸ್ಕೂಟರು ಮಗ್ಗುಲಾಗಿ ಬಿದ್ದು ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಗೇಟು ಎತ್ತಿದರು. ಅಪ್ಪ ಎದ್ದು, ಪಂಚೆ ಕೊಡವಿಕೊಂಡು, ಮೊದಲು ಕೇಳಿದ್ದು ತನಗೆ ಹೊಡೆದವರು ಯಾರು ಎಂದು.

ಸೀಬೆಹಣ್ಣಿನವಳು ಸೊಂಟಕ್ಕೆ ಕೈಕೊಟ್ಟು ನಿಂತಳು. "ನಾನೇ ಹೊಡ್ದಿದ್ದು. ಅಷ್ಟು ಜನ ಬಾಯ್ ಬಡ್ಕೋತಾವ್ರೆ, ಏನ್ ಸಾಮಿ, ಕಿವಿ ಕೇಳ್ಸಲ್ವಾ ನಿಮ್ಗೆ?"

ಎಲ್ಲರೂ ಅದನ್ನು ಬೈಗುಳವೆಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ನಾಲ್ಕು ವರ್ಷ ಕಿವಿಯ ಬಗ್ಗೆಯೇ ಓದಿ ಪ್ರಮಾಣಪತ್ರ ತೆಗೆದುಕೊಂಡವಳು ನಾನು. ಆ ಹೆಂಗಸು ಕೇಳಿದ್ದು ಬೈಗುಳವಲ್ಲ, ಪ್ರಶ್ನೆ ಎಂದು ಹೊಳೆಯಲು ನನಗೆ ಇನ್ನೂ ಎರಡು ಮೈಲಿ ಬೇಕಾಯಿತು.

ಅಪ್ಪ ವಾಪಸು ಹೋಗಲು ಒಪ್ಪಲಿಲ್ಲ. ಒಳ್ಳೆಯ ಕೆಲಸಕ್ಕೆ ಹೊರಟಾಗ ಅಡ್ಡಿ ಬಂದರೆ ದಾಟಿಕೊಂಡೇ ಹೋಗಬೇಕು ಎಂದರು. ನಾನು ಹಿಂದೆ ಕೂತೆ. ಹಳೇ ಮದ್ರಾಸು ರಸ್ತೆಯಲ್ಲಿ ಅವರ ಬೆನ್ನು ನೋಡುತ್ತಾ ಹೋದೆ. ಷರಟಿನ ಮೇಲೆ ಕಾಯಿಯ ಹಸಿರು ಗುರುತು. ಹಾರನ್ ಕೇಳಿಸಲಿಲ್ಲವೇ ಎಂದು ಹತ್ತುವ ಮುಂಚೆ ಎದುರಿಗೆ ನಿಂತು ಕೇಳಿದ್ದೆ. ಏನೋ ಕೇಳಿಸಿತು, ಹೋದ ಗಾಡಿಯದು ಅಂದುಕೊಂಡೆ ಎಂದಿದ್ದರು. ಈಗ ಹಿಂದಿನಿಂದ, ಗಾಬರಿ ತಡೆಯಲಾರದೆ, ಯಾರ ಹತ್ತಿರವೂ ಹೇಳಿರದ ಮಾತನ್ನು ಸಾಧಾರಣ ದನಿಯಲ್ಲಿ ಹೇಳಿಬಿಟ್ಟೆ.

"ಅಪ್ಪಾ, ನಾನು ಇಂಗ್ಲೆಂಡಿಗೆ ಹೋಗಲ್ಲ."

"ಹೂಂ, ಹೂಂ" ಎಂದರು ಅಪ್ಪ. "ಇನ್ನೇನು ಬಂದೇಬಿಡ್ತು."

ಎಷ್ಟು ವರ್ಷದಿಂದ ನಾನು ಆ ಸ್ಕೂಟರಿನ ಹಿಂದೆ ಕೂತು ಅಪ್ಪನಿಗೆ ಎಷ್ಟೆಲ್ಲ ಹೇಳಿದ್ದೆ. ಪರೀಕ್ಷೆಯ ಭಯ, ಗೆಳತಿಯರ ಜಗಳ, ಒಮ್ಮೆ ಒಬ್ಬ ಹುಡುಗನ ವಿಷಯ ಕೂಡ. ಎಲ್ಲಕ್ಕೂ "ಹೂಂ, ಹೂಂ". ಇಷ್ಟು ಸಮಾಧಾನದ ಅಪ್ಪ ಯಾರಿಗುಂಟು ಎಂದು ಬೀಗಿದ್ದೆ.

ಕೊರಿಯರ್ ಆಫೀಸಿನ ಮೆಟ್ಟಿಲ ಮೇಲೆ, ಅವರ ಮುಖದ ಎದುರು ನಿಂತು ಸುಳ್ಳು ಹೇಳಿದೆ. ಪತ್ರಕ್ಕೆ ಕ್ಲಿನಿಕ್ಕಿನ ಡಾಕ್ಟರ ಸಹಿ ಬೇಕಂತೆ, ಮರೆತೆ, ಇನ್ನೊಂದು ದಿನ ಬರೋಣ ಎಂದು. ಅಪ್ಪ ಸ್ಕೂಟರಿನ ಕಡೆ ತಿರುಗಿದರು. "ಬುಧವಾರದವರೆಗೂ ಐತಲ್ಲ" ಎಂದರು.

ಮನೆಗೆ ಬಂದು ನಾನು ಅಮ್ಮನನ್ನು ನೋಡಲು ಶುರು ಮಾಡಿದೆ. ಮೊದಲು ಯಾಕೆ ನೋಡಿರಲಿಲ್ಲವೋ. ಯಾರೇ ಮನೆಗೆ ಬಂದು ಏನೇ ಹೇಳಲಿ, ಅಮ್ಮ ಅಪ್ಪನ ತೋಳು ಮುಟ್ಟಿ ಅದನ್ನು ಇನ್ನೊಂದು ಸಲ ಹೇಳುತ್ತಿದ್ದಳು. "ನಾಳೆ ಬರ್ತಾರಂತೆ." "ಬಾಡಿಗೆ ಮನೆಯವ್ರು ನಲ್ಲಿ ಸೋರತ್ತೆ ಅಂತಾವ್ರೆ." ಅಮ್ಮನಿಗೆ ಮಾತಿನ ಚಟ, ಹೇಳಿದ್ದನ್ನೇ ಹೇಳುತ್ತಾಳೆ ಎಂದು ನಾನೂ ಅಣ್ಣನೂ ಅಣಕಿಸಿದ್ದೆವು. ಎಲ್ಲರೂ ಕೂಗಿ ಮಾತಾಡುವ ಮನೆಯಲ್ಲಿ ಒಬ್ಬರಿಗೆ ಕಿವಿ ಕೇಳಿಸದಿದ್ದರೆ ಯಾರಿಗೆ ತಿಳಿಯಬೇಕು? ಬೇರೆ ಮನೆಯಲ್ಲಾಗಿದ್ದರೆ ಒಂದು ವಾರದಲ್ಲಿ ಗೊತ್ತಾಗುತ್ತಿತ್ತು. ನಮ್ಮ ಗದ್ದಲವೇ ಅಪ್ಪನನ್ನು ಬಚ್ಚಿಟ್ಟುಕೊಂಡಿತ್ತು.

ಸೊಪ್ಪು ಬಿಡಿಸುತ್ತಿದ್ದ ಅಮ್ಮನ ಪಕ್ಕ ಕೂತು, ಎಷ್ಟು ವರ್ಷವಾಯಿತು ಎಂದೆ. ಏನು ಎಂದು ಅವಳು ಕೇಳಲೂ ಇಲ್ಲ. ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟಳು. ನಾನು ಪಿಯುಸಿ ಓದುವಾಗಿನಿಂದ ಎಂದಳು. "ನಿನ್ನ ಓದು ಒಂದು ಮುಗೀಲಿ ಅಂದ್ರು. ಆಮೇಲೆ ಕೆಲ್ಸ ಸಿಗ್ಲಿ ಅಂದ್ರು. ಈಗ, ಅವ್ಳು ವಿಮಾನ ಹತ್ಲಿ ಅಂತಾವ್ರೆ."

ಅಷ್ಟು ಹೊತ್ತಿಗೆ ಗಾಡಿ ಬಂತು. ಇಬ್ಬರೂ ಸುಮ್ಮನಾದೆವು. ಗಾಡಿ ಹೋದ ಮೇಲೂ ಮುಂದುವರಿಸಲು ಇಬ್ಬರಿಗೂ ಆಗಲಿಲ್ಲ.

ಅವತ್ತಿನಿಂದ ನನಗೆ ನಿದ್ದೆ ಹೋಯಿತು. ಹುಟ್ಟಿದಂದಿನಿಂದ ರೈಲಿನ ಸದ್ದಿನಲ್ಲೇ ಮಲಗಿದವಳಿಗೆ ಈಗ ಒಂದೊಂದು ಹಾರನ್ನಿಗೂ ಎಚ್ಚರ. ಎದ್ದು ಕೂತು ಡಬ್ಬಿಗಳನ್ನು ಎಣಿಸುತ್ತಿದ್ದೆ. ಡಬ್ಬಿಗಳಿದ್ದರೆ ಸಮಾಧಾನ. ಬೆಳಿಗ್ಗೆ ಕಣ್ಣು ಊದಿಸಿಕೊಂಡು ಹೋದರೆ ನಸ್ರೀನ್ ಚಹಾ ತಂದಿಟ್ಟು, ಏನಾಯಿತು ಎಂದು ಹಟ ಹಿಡಿದು ಕೇಳಿದಳು. ಎಲ್ಲ ಹೇಳಿದೆ. ಇನ್ನು ಹೋಗುವ ಮಾತೇ ಇಲ್ಲ, ಹೀಗಿರುವ ಅಪ್ಪನನ್ನು ಬಿಟ್ಟು ಪರದೇಶದಲ್ಲಿ ಬೇರೆಯವರ ಕಿವಿ ನೋಡಲೇ ಎಂದೆ. ಅವಳು ಈ ಸಲ ಬೈಯಲಿಲ್ಲ. "ಮೊದ್ಲು ಅಬ್ಬಾನ್ನ ಕರ್ಕೊಂಡು ಬಾ" ಎಂದಳು. "ಪೇಷಂಟ್ ಥರ ಕರ್ಕೊಂಡು ಬಾ. ಮಗಳ ಥರ ಕರೆದ್ರೆ ಬರಲ್ಲ."

ಮಂಗಳವಾರ ಅಪ್ಪ ಬಂದರು. ಕ್ಲಿನಿಕ್ಕಿನ ಹೊಸ ಯಂತ್ರವನ್ನು ಯಾರ ಮೇಲಾದರೂ ಪರೀಕ್ಷಿಸಬೇಕಾಗಿದೆ, ಆರೋಗ್ಯವಾದ ಕಿವಿಯೇ ಬೇಕು ಎಂದು ಹೇಳಿ ಕರೆತಂದಿದ್ದೆ. ಆರೋಗ್ಯವಾದ ಎಂಬ ಮಾತು ಕೇಳಿ ಎದೆ ಸೆಟೆಸಿಕೊಂಡು ಗಾಜಿನ ಕೋಣೆಗೆ ಹೋಗಿ ಕೂತರು. ನಾನು ಸದ್ದು ಕಳಿಸಿದೆ, ಅವರು ಗುಂಡಿ ಒತ್ತಿದರು. ಇನ್ನೂ ಸಣ್ಣ ಸದ್ದು, ಒತ್ತಿದರು. ಇನ್ನೂ ಸಣ್ಣದು, ನನಗೇ ಕೇಳಿಸದಷ್ಟು. ಅದಕ್ಕೂ ಒತ್ತಿದರು. ನನ್ನ ಎದೆ ಹಗುರಾಯಿತು. ಸೀಬೆಹಣ್ಣಿನವಳಿಗೆ ಏನು ಗೊತ್ತು, ಅಮ್ಮನಿಗೇನು ಗೊತ್ತು ಎಂದುಕೊಂಡೆ.

ಆಮೇಲೆ ಅಪ್ಪನ ಕಣ್ಣು ನೋಡಿದೆ. ಅವು ಗಾಜಿನಾಚೆಯಿಂದ ನನ್ನ ಬಲಗೈಯ ಮೇಲೆ ನೆಟ್ಟಿದ್ದವು. ನಾನು ಕೀಲಿ ಒತ್ತಿದಾಗಲೆಲ್ಲ ತೋಳು ಕೂದಲೆಳೆಯಷ್ಟು ಅಲುಗುತ್ತಿತ್ತು. ರೋಗಿಯನ್ನು ಎದುರಿಗೆ ಕೂರಿಸಬಾರದು ಎಂಬುದು ನಮಗೆ ಕಲಿಸಿದ ಮೊದಲನೇ ಪಾಠ. ಅಪ್ಪನ ಮುಖ ಕಾಣಬೇಕೆಂಬ ಆಸೆಗೆ ನಾನು ಅದನ್ನು ಮೀರಿದ್ದೆ.

ಒಳಗೆ ಹೋಗಿ ಅವರ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿದೆ. ಅಪ್ಪ ಶಾಲೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಒಮ್ಮೆ ನಕ್ಕರು. ಹೊರಗೆ ಬಂದು ಮತ್ತೆ ಶುರು ಮಾಡಿದೆ. ಗುಂಡಿ ಒತ್ತಲಿಲ್ಲ. ಸದ್ದು ಹೆಚ್ಚಿಸಿದೆ, ಒತ್ತಲಿಲ್ಲ. ಇನ್ನೂ ಹೆಚ್ಚಿಸಿದೆ. ಅವರ ಬೆನ್ನು ಅಲ್ಲಾಡದೆ ಕಾಯುತ್ತಿತ್ತು, ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಮಾಮೂಲಿ ಮಾತಿನ ಮಟ್ಟ ದಾಟಿತು, ಬೀದಿಯ ಗದ್ದಲದ ಮಟ್ಟ ದಾಟಿತು. ನಮ್ಮ ಮನೆಯ ಮಾತಿನ ಮಟ್ಟಕ್ಕೆ ಬಂದಾಗ ಅಪ್ಪ ಗುಂಡಿ ಒತ್ತಿದರು. ಎರಡೂ ಕಿವಿಗೂ ಹಾಗೇ ಆಯಿತು.

ಹೊರಗಿನ ಬೆಂಚಿನ ಮೇಲೆ ಕೂತೆವು. ನಾನು ಅಳುತ್ತಿದ್ದೆ. ಯಾಕೆ ಹೇಳಲಿಲ್ಲ, ನಾನಿರುವುದೇ ಇದಕ್ಕಲ್ಲವೇ, ಮೊನ್ನೆ ಏನಾಗುತ್ತಿತ್ತು ಎಂದೆಲ್ಲ ಕೂಗಿದೆ. ಅಪ್ಪ ನನ್ನ ಬಾಯನ್ನು ಓದುತ್ತಾ ಕೊನೆಯವರೆಗೂ ಹೇಳಲು ಬಿಟ್ಟರು.

"ನಿನಗೆ ಇದೇ ಓದಿಗೆ ಮೈಸೂರಲ್ಲಿ ಸೀಟು ಸಿಕ್ಕಿತ್ತು. ಅಜ್ಜಿಗೆ ಜ್ವರ ಅಂತ ಹೋಗ್ಲಿಲ್ಲ ನೀನು" ಎಂದರು. "ಅಜ್ಜಿ ಆಮೇಲೆ ಆರು ವರ್ಷ ಗಟ್ಟಿಮುಟ್ಟಾಗಿ ಬದುಕಿ, ನಿನ್ನನ್ನೂ ನನ್ನನ್ನೂ ಬೈದು ಹೋದ್ಳು. ಉಳ್ಕೊಳ್ಳೋಕೆ ನಿಂಗೆ ಒಂದು ನೆಪ ಸಾಕು ಕಣವ್ವ. ಆ ನೆಪ ನಾನಾಗ್ಬಾರ್ದು ಅಂತ ಇದ್ದೆ."

ಹನ್ನೊಂದು ಸಾಲುಗಳ ಮೇಲೆ ಎಳೆದಿದ್ದ ಆ ಒಂದು ಗೆರೆಯ ಅರ್ಥ ಆಗ ಆಯಿತು. ಹನ್ನೆರಡನೆಯ ಸಾಲನ್ನು ಅವರು ನನಗೆ ಬರೆಯಲು ಬಿಟ್ಟಿರಲಿಲ್ಲ.

ನಸ್ರೀನ್ ಕೇಳದೆಯೇ ಒಳಗಿನಿಂದ ಒಂದು ಯಂತ್ರ ತಂದು ಕೊಟ್ಟಳು, ಕಿವಿಯ ಹಿಂದೆ ಕೂರುವಂಥದ್ದು, ರೋಗಿಗಳಿಗೆ ಕೆಲವು ದಿನ ಹಾಕಿ ನೋಡಲು ಕೊಡುತ್ತಿದ್ದೆವು. ಅಪ್ಪ ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿ ವಾಪಸು ಕೊಟ್ಟರು. ಊರವರ ಮುಂದೆ ಇದನ್ನು ನೇತುಹಾಕಿಕೊಂಡು ಓಡಾಡುವುದಿಲ್ಲ ಎಂದರು. ಹಾಗಾದರೆ ನಾನೂ ಪತ್ರ ಹಾಕುವುದಿಲ್ಲ ಎಂದೆ. ಇಬ್ಬರೂ ಗೋಡೆ ನೋಡುತ್ತಾ ಕೂತೆವು.

ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಹೆಗಲ ಟವೆಲು ತೆಗೆದು, ನನ್ನ ಬಲಗೈ ಹಿಡಿದು, ಎರಡೂ ಕೈಗಳ ಮೇಲೆ ಹೊದಿಸಿದರು.

ಹೂಕೋಸು ಬೆಳೆಯುತ್ತಿದ್ದ ಕಾಲದಲ್ಲಿ ಅಪ್ಪ ಎತ್ತುಗಳ ವ್ಯಾಪಾರವನ್ನೂ ಮಾಡುತ್ತಿದ್ದರು. ಆ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ, ಹಿಡಿದ ಬೆರಳೆಷ್ಟೋ ಅಷ್ಟು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಚಿಕ್ಕವಳಿದ್ದಾಗ ನನಗೆ ಇದನ್ನು ಆಟವಾಗಿ ಕಲಿಸಿದ್ದರು. ಬೆಲ್ಲದ ಚೂರಿಗೆ, ಕಡಲೆಕಾಯಿಗೆ ನಾವಿಬ್ಬರೂ ಟವೆಲಿನ ಕೆಳಗೆ ಚೌಕಾಸಿ ಮಾಡಿದ್ದೆವು.

ಅಪ್ಪ ನನ್ನ ಎರಡು ಬೆರಳು ಹಿಡಿದರು. ದಿನಕ್ಕೆ ಎರಡು ಗಂಟೆ ಹಾಕಿಕೊಳ್ಳುತ್ತೇನೆ ಎಂದು ಅರ್ಥ. ನಾನು ತಲೆ ಅಲ್ಲಾಡಿಸಿ ಅವರ ಐದೂ ಬೆರಳನ್ನು ಎರಡು ಸಲ ಹಿಂಡಿದೆ. ಅಪ್ಪ ಹುಬ್ಬು ಹಾರಿಸಿ ಮೂರಕ್ಕೆ ಬಂದರು. ನಾನು ಒಂಬತ್ತಕ್ಕೆ ಇಳಿದೆ. ನಾಲ್ಕು. ನಾನು ಇಳಿಯಲಿಲ್ಲ. ಎತ್ತು ಬೇಡ ಎನ್ನುವವರ ಹಾಗೆ ಅಪ್ಪ ಕೈ ಎಳೆದುಕೊಳ್ಳಲು ನೋಡಿದರು, ನಾನು ಬಿಡಲಿಲ್ಲ. ಕಾಯುತ್ತಿದ್ದ ರೋಗಿಗಳು ನಮ್ಮನ್ನೇ ನೋಡುತ್ತಿದ್ದರು. ಆರು. ಏಳು. ಕೊನೆಗೆ ಅಪ್ಪ ಐದು ಬೆರಳನ್ನೂ ಹಿಡಿದು, ಬಿಟ್ಟು, ಮತ್ತೆ ಮೂರನ್ನು ಹಿಡಿದರು. ಎಂಟು. ನಾನು ಅವರ ಕೈಯನ್ನು ಅದುಮಿದೆ. ವ್ಯಾಪಾರ ಕುದುರಿತು.

"ಗೇಟು?" ಎಂದೆ, ಅವರ ಮುಖಕ್ಕೆ ಮುಖ ಕೊಟ್ಟು.

"ಗೇಟು ಎತ್ತೋವರೆಗೂ ನಿಂತ್ಕೋತೀನಿ."

"ಆಣೆ?"

"ಟವೆಲ್ ಕೆಳಗೆ ಹೇಳಿದ ಮಾತು ಯಾವತ್ತಾದ್ರೂ ತಪ್ಪಿದ್ದೀನಾ?" ಎಂದರು. ತಪ್ಪಿರಲಿಲ್ಲ, ಬೆಲ್ಲದ ಚೂರಿನ ವಿಷಯದಲ್ಲೂ.

ಯಂತ್ರ ಹಾಕಿದೆ. ಅಪ್ಪ ಮೊದಲು ಮೇಲೆ ನೋಡಿದರು. ಫ್ಯಾನು ಇಷ್ಟು ಸದ್ದು ಮಾಡುತ್ತದೆಯೇ ಎಂದರು. ನಸ್ರೀನಳ ಬಳೆಗಳ ಕಡೆ ತಿರುಗಿದರು. ಎದ್ದು ನಾಲ್ಕು ಹೆಜ್ಜೆ ಹಾಕಿ ತಮ್ಮ ಚಪ್ಪಲಿಯ ಸದ್ದನ್ನು ತಾವೇ ಕೇಳಿಕೊಂಡರು. ಹೇಗಿದೆ ಅಪ್ಪಾ ಎಂದು ಎಂದಿನಂತೆ ಕೇಳಿದೆ. ಅವರು ಮುಖ ಕಿವುಚಿದರು. "ಅದ್ಯಾಕೆ ಹಂಗೆ ಅರಚ್ತೀಯ? ಯಾರಾದ್ರೂ ಏನಂದ್ಕೊಂಡಾರು."

ಆಮೇಲೆ ಮನೆಯಲ್ಲಿ ಆದದ್ದನ್ನು ನೀವೇ ಊಹಿಸಬಹುದು. ಅಮ್ಮ ಬಾಗಿಲಲ್ಲೇ ಬಂದಿರಾ ಎಂದದ್ದಕ್ಕೆ ಅಪ್ಪ ಎರಡು ಹೆಜ್ಜೆ ಹಿಂದಕ್ಕೆ ಹೋದರು. ಈ ಮನೆಯವರು ಇಷ್ಟು ವರ್ಷ ಹೀಗೆ ಕೂಗಾಡುತ್ತಿದ್ದರೇ ಎಂದು ಸಂಜೆಯವರೆಗೂ ಆಶ್ಚರ್ಯ ಪಟ್ಟರು.

ಬುಧವಾರ ಗೇಟು ಹಾಕಿತ್ತು. ಅಪ್ಪ ಸ್ಕೂಟರು ಆಫ್ ಮಾಡಿ ನಿಂತರು. ಪಕ್ಕದಿಂದ ಜನ ಬಗ್ಗಿ ಬಗ್ಗಿ ಹೋಗುತ್ತಿದ್ದರು. ಪರಿಚಯದವರೊಬ್ಬರು ಏನು ಗೌಡ್ರೇ, ಇವತ್ತು ನಿಂತುಬಿಟ್ಟಿರಿ ಎಂದು ಕೇಳಿದರು. ಅಪ್ಪ ಕಿವಿಯ ಮೇಲೆ ಟವೆಲು ಎಳೆದುಕೊಂಡು, ಮಗಳು ಪರದೇಶಕ್ಕೆ ಹೋಗುತ್ತಿದ್ದಾಳೆ, ಶುಭಕಾರ್ಯಕ್ಕೆ ಬಗ್ಗಿ ಹೋಗಬಾರದು ಎಂದುಬಿಟ್ಟರು. ಇಂದಿರಾನಗರದಲ್ಲಿ ಸಾಲು ಇರಲಿಲ್ಲ. ಕೌಂಟರಿನ ಮುಂದೆ ನಿಂತು ಸಹಿ ಮಾಡಿದೆ. ಹೋಗಬೇಕೆಂದು ಆಗಲೂ ಪೂರ್ತಿ ಅನಿಸಿರಲಿಲ್ಲ. ಆದರೆ ನಾನು ಉಳಿದರೆ ಅಪ್ಪ ಆ ಎಂಜಿನ್ನಿನ ಕೆಳಗೆ ಸಿಕ್ಕಿಕೊಂಡ ಹಾಗೆಯೇ ಎಂದು ಅನಿಸಿತು. ಲಕೋಟೆ ಕೌಂಟರಿನ ಆಚೆ ಹೋಯಿತು.

ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ಸುಮ್ಮನೆ ಅಡ್ಡಾದೆ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು. ಅಷ್ಟೂ ಗಾಡಿಗಳು ನಾನಿಲ್ಲದೆ ಹೋಗಿದ್ದವು.

ಅಮ್ಮ ಕಾಫಿ ತಂದು ಹಾಸಿಗೆಯ ಅಂಚಿನಲ್ಲಿ ಕೂತಳು. ಆರು ದಿನದಿಂದ ನಾನು ಮಲಗಿಲ್ಲವೆಂದು ಅಪ್ಪ ಜಗಲಿಯಲ್ಲೇ ಕಾವಲು ಕೂತಿದ್ದರಂತೆ. ಎದುರು ಮನೆಯವರ ರೇಡಿಯೋ ನಿಲ್ಲಿಸಿದರಂತೆ. ಅಮ್ಮ ಪಾತ್ರೆ ತೊಳೆದದ್ದಕ್ಕೆ ಬೈದರಂತೆ. ಗೂಡ್ಸ್ ಗಾಡಿ ಹಾರನ್ ಹಾಕಿದಾಗ ಅಂಗಳಕ್ಕೆ ಇಳಿದು ಅದಕ್ಕೂ ಕೈ ಎತ್ತಿ ಸದ್ದು ಮಾಡಬೇಡ ಎಂದರಂತೆ. ಮಾತಾಡಿಕೊಂಡ ಎಂಟು ಗಂಟೆ ಯಾವಾಗಲೋ ಮುಗಿದಿದ್ದರೂ ಯಂತ್ರ ತೆಗೆದಿರಲಿಲ್ಲವಂತೆ.

ನಾನು ನಗುತ್ತಾ, ಈಗ ಎಲ್ಲಿ ಅಪ್ಪ ಎಂದು ನಮ್ಮ ಮನೆಯ ದನಿಯಲ್ಲಿ ಕೇಳಿದೆ. ಅಮ್ಮ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

"ಮೆತ್ತಗೆ ಮಾತಾಡೇ" ಎಂದು ಪಿಸುಗುಟ್ಟಿದಳು. "ಈಗ ತಾನೆ ಕಣ್ಣು ಮುಚ್ಚವ್ರೆ. ಕೇಳ್ಸತ್ತೆ ಅವ್ರಿಗೆ."